ಬಿಳಿ ಬಟ್ಟೆಯ ಕೆಳಗಿನ ಮಾತು

ಸತ್ತವರು ಮಾತಾಡುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ಕುಡಿಯಲು ಹೋಗುವವನು. ಕಾಲೇಜಿನಲ್ಲಿ ನಾಟಕ ಆಡಿಸುವ ಮಾಸ್ತರನಿಗೆ ಯಾವ ದನಿ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರುತ್ತದೆ. ನೀವೂ ನನ್ನನ್ನು ನಂಬಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿಕ್ಕೋಡಿಯ ಒಂದು ಮೈದಾನದಲ್ಲಿ, ಹೊಸದಾಗಿ ಗಾಡಿ ಹಿಡಿದ ಹುಡುಗರಿಗೆಂದು ಕಾರ್ಯಕ್ರಮ ಇಟ್ಟಿದ್ದೆವು. ಪೊಲೀಸರು, ಆಂಬುಲೆನ್ಸಿನವರು ಮತ್ತು ನಾವು ಸೇರಿ ಕಣ್ಣೆದುರೇ ಒಂದು ಅಪಘಾತ ಆಡಿ ತೋರಿಸುವುದು. ಕೊನೆಗೆ, ನಿಜವಾಗಿಯೂ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಮಾತಾಡುವುದು. ಎಲ್ಲವನ್ನೂ ಬರೆದವನು ನಾನು. ತಾಯಿ ಜುಗೂಳದ ಚಂದ್ರಾಬಾಯಿ. ಅವರ ಮಗ ಕಾಗವಾಡದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತಿದ್ದ. ಪಂಚನಾಮೆಯಲ್ಲಿ ಅತಿವೇಗ ಎಂದಿತ್ತು. ಹಾಗಾಗಿ ಅವರಿಗೆ ‘ನನ್ನ ಮಗ ಜೋರಾಗಿ ಓಡಿಸಿ ಸತ್ತ’ ಎಂದು ಚೀಟಿ ಬರೆದುಕೊಟ್ಟೆ.

"ನನ್ನ ಮಗ ಜೋರ ಹೊಡಿಯಾವ ಅಲ್ರಿ ಸರ್" ಎಂದರು ಆಕೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ಈ ಒಂದು ಮಾತಿನಿಂದ ನಾಲ್ಕು ಹುಡುಗರ ಜೀವ ಉಳಿದೀತು ಎಂದು ಒತ್ತಾಯ ಮಾಡಿದೆ. ಆಕೆ ಚೀಟಿ ಮಡಚಿಕೊಂಡರು.

ಆಟ ಚೆನ್ನಾಗಿಯೇ ನಡೆಯಿತು. ಹೆಣವಾಗಿ ಮಲಗಿದವನು ಅಕ್ಕೋಳದ ಭರತೇಶ, ನನ್ನ ವಿದ್ಯಾರ್ಥಿ. ಚಂದ್ರಾಬಾಯಿಯನ್ನು ಅವನು ಎಂದೂ ಕಂಡವನಲ್ಲ. ಅವನಿಗೆ ಮಾತಿರಲಿಲ್ಲ, ಮೈಕೂ ಇರಲಿಲ್ಲ. ಅವನ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೇಲೆ ಚಂದ್ರಾಬಾಯಿಯ ಕೈಗೆ ಮೈಕು ಕೊಟ್ಟೆ. "ನನ್ನ ಮಗ" ಎಂದರು. ಮುಂದಿನದು ಬಾಯಿಂದ ಹೊರಡಲಿಲ್ಲ. ಓದಿ, ಓದಿ ಎಂದು ನಾನು ಕೈಸನ್ನೆ ಮಾಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ಬಟ್ಟೆಯ ಕೆಳಗಿನಿಂದ ದನಿ ಬಂತು.

"ಅವ್ವಾ, ನಾ ಜೋರ ಹೊಡದಿಲ್ಲ. ದಾರ್ಯಾಗ ಕಲ್ಲಿತ್ತು."

ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಗಾಲಿಗೆ ಕಲ್ಲು ಕೊಡುತ್ತಾರೆ. ರಿಪೇರಿಯಾದ ಮೇಲೆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಆದರೆ ಕಲ್ಲಿನ ಸುದ್ದಿ ನಾನು ಬರೆದದ್ದರಲ್ಲಿ ಇರಲಿಲ್ಲ, ಪಂಚನಾಮೆಯಲ್ಲೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗರೇ ಕೂತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ.

ಓಡಿಹೋಗಿ ಬಟ್ಟೆ ಸರಿಸಿದೆ. ಭರತೇಶ ಕಣ್ಣು ಬಿಟ್ಟು, "ಮುಗೀತೇನ್ರಿ ಸರ್?" ಎಂದ. ತಾನು ತುಟಿ ಪಿಟ್ಟೆನ್ನಲಿಲ್ಲ ಎಂದ. ಗದರಿಸಿದೆ, ಆಣೆ ಹಾಕಿಸಿದೆ. ಅದೇ ಮಾತು, ಇವತ್ತಿಗೂ ಅದೇ. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ದನಿ ಕೇಳುತ್ತದೆ, ಬಟ್ಟೆ ಅಲುಗುವುದಿಲ್ಲ.

ಚಂದ್ರಾಬಾಯಿ ಅಳಲಿಲ್ಲ. ನನ್ನ ಬಳಿ ಬಂದು ಚೀಟಿ ವಾಪಸು ಕೊಟ್ಟರು.

"ನಾ ನಿಮಗ ಮೊದಲ ಹೇಳಿದ್ನಲ್ರಿ ಸರ್" ಎಂದರು.

ಆ ದನಿ ಯಾರದೆಂದು ನನಗೆ ಇನ್ನೂ ತಿಳಿದಿಲ್ಲ. ಆದರೆ ಕೇಳಿದ ಕ್ಷಣವೇ ಅದನ್ನು ನಂಬಿಬಿಟ್ಟೆ. ಎದುರಿಗೆ ನಿಂತು ಆ ತಾಯಿ ಹೇಳಿದಾಗ ನಂಬಿರಲಿಲ್ಲ.