ಮಗುಚಿದ ಬೋಟಿನ ಮೇಲೆ ಕೂತ ಸುತ್ತಿಗೆಯಕ್ಕ

"ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರ್ತೀರಾ?"

ಪತ್ರಿಕೆಗೆಂದು ಮಾತಾಡಿಸಲು ಹೋದ ನನಗೆ ಸಿಗುವ ಸ್ವಾಗತ ಇದು. ಬೆಳಗಿನ ಐದೂ ಮುಕ್ಕಾಲು. ಬಂದರಿನಲ್ಲಿ ಇನ್ನೂ ಒಂದೇ ಒಂದು ಎಂಜಿನ್ ಶುರುವಾಗಿಲ್ಲ. ಕಟ್ಟೆಗೆ ಕಟ್ಟಿದ ಕಬ್ಬಿಣದ ಬೋಟಿನ ಪಕ್ಕ, ಎದೆಮಟ್ಟದ ನೀರಿನಲ್ಲಿ, ಮೊಣಕೈಗೆ ತೇಪೆ ಹಾಕಿದ ರಬ್ಬರ್ ಉಡುಪು ತೊಟ್ಟ ಹೆಂಗಸೊಬ್ಬರು ನಿಂತಿದ್ದಾರೆ. ಎಡಗೈಯಲ್ಲಿ ಮೊಳದುದ್ದದ ಸ್ಕ್ರೂಡ್ರೈವರ್. ಅದರ ತುದಿ ಬೋಟಿನ ಮೈಗೆ, ಹಿಡಿ ಅವರ ಕಿವಿಗೆ. ಬಲಗೈಯ ಸುತ್ತಿಗೆಯಿಂದ ಮೂರು ಸಲ ತಟ್ಟಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ನನಗೆ ಕೆಮ್ಮು ಬರುತ್ತದೆ. ಹೆದರಿ ನುಂಗಿಕೊಳ್ಳುತ್ತೇನೆ.

"ಹಾಂ, ಈಗ ಕೆಮ್ಮಿ. ಇಲ್ಲಿ ಅಡುಗೆಮನೆ. ಆಚೆ ಮಲಗೋ ಜಾಗ. ಮಧ್ಯದ ಬಾಗಿಲು ಹೊರಗಡೆಗೆ ತೆಗೆಯುತ್ತೆ. ಒಳಗೆ ತೆಗೆಯೋ ಬಾಗಿಲಾದ್ರೆ ಸಾಮಾನು ಬಿದ್ದು ಅಡ್ಡ ನಿಲ್ಲುತ್ತೆ, ಸತ್ತ ಹಾಗೇ."

ಕಟ್ಟೆ ಹತ್ತಿ, ಕೈ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದಿಂದ ಒಂದು ನೋಟ್‌ಬುಕ್ ತೆಗೆಯುತ್ತಾರೆ. ಆ ಬೋಟಿನ ಒಳಮನೆಯನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಬಾಗಿಲು, ಮೆಟ್ಟಿಲು, ಒಲೆ, ಎಂಜಿನ್, ಎಲ್ಲವೂ ಇದೆ. ಆದರೆ ಬೋಟು ಮಾತ್ರ ತಲೆಕೆಳಗಾಗಿದೆ. ಪುಟ ತಿರುವುತ್ತೇನೆ. ಅರವತ್ತೆಂಟು ಬೋಟುಗಳಿವೆ, ಅರವತ್ತೆಂಟೂ ತಲೆಕೆಳಗೆ.

ಬೋಟಿನ ಮಾಲೀಕರಿಗೆ ಈ ಪುಸ್ತಕ ಕಂಡರೆ ಮೈಯೆಲ್ಲ ಉರಿಯುತ್ತದೆ. ಹೊಸ ಬೋಟು ನೀರಿಗಿಳಿಸಿದ ದಿನವೇ ಈಕೆ ಬಂದು ಅದನ್ನು ಮಗುಚಿ ಬರೆದುಕೊಂಡರೆ ಯಾರಿಗೆ ಸಹಿಸೀತು? "ಬಿಡ್ತು ಅನ್ನು ಅಂತ ಕೂಗಾಡ್ತಾರೆ. ಬಿಡ್ತು ಅಂತೀನಿ. ಅಂದ್ಕೊಂಡೇ ಬರೀತೀನಿ" ಎಂದು ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ.

ಬಂದರಿನವರೆಲ್ಲ ಇವರನ್ನು ಕರೆಯುವುದು ಸುತ್ತಿಗೆಯಕ್ಕ ಎಂದು. ವಯಸ್ಸು ಐವತ್ತೊಂದು. ಹೊಟ್ಟೆಪಾಡಿಗೆ ಮಾಡುವುದು ಬೋಟಿನ ತಳಕ್ಕೆ ಅಂಟಿದ ಚಿಪ್ಪು, ಪಾಚಿ ಕೆರೆಯುವ ಕೆಲಸ. ದಿನಕ್ಕೆ ಮೂರು ಬೋಟು, ನೀರಿನಡಿ ನಾಲ್ಕು ತಾಸು. ಹೊಟ್ಟೆಪಾಡಿಗಲ್ಲದೆ ಮಾಡುವ ಕೆಲಸ ಇನ್ನೊಂದಿದೆ: ಮಗುಚಿದ ಬೋಟಿನೊಳಗೆ ಸಿಕ್ಕಿಬಿದ್ದವರನ್ನು ಹೊರಗೆ ತರುವುದು. ಕರೆದರೆ ಹೋಗುತ್ತಾರೆ, ಕರೆಯದಿದ್ದರೂ ಹೋಗುತ್ತಾರೆ. ಇಪ್ಪತ್ತೆರಡು ವರ್ಷಗಳಲ್ಲಿ ಹದಿನಾಲ್ಕು ಬೋಟು, ಜೀವಂತ ತಂದವರು ಹನ್ನೊಂದು ಮಂದಿ. ತರಲಾಗದವರು ಎಷ್ಟು ಎಂದು ಕೇಳಿದೆ. "ಅದು ನಂಗೆ ಗೊತ್ತಿದೆ. ಪೇಪರಿಗ್ಯಾಕೆ?" ಎಂದರು. ಸರಿಯಾಗಿಯೇ ಬಿತ್ತು ನನಗೆ.

ಇವತ್ತು ಹನ್ನೊಂದು ಗಂಟೆಗೆ ಈ ಸುತ್ತಿಗೆಯಕ್ಕನ ವಿಚಾರಣೆ. ಹೋದ ತಿಂಗಳು ಬಂದರಿನ ಅಧಿಕಾರಿಯ ಆದೇಶ ಮೀರಿದ್ದಕ್ಕೆ ಕ್ಷಮಾಪಣೆ ಪತ್ರಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ನೀರಿಗಿಳಿಯುವ ಪರವಾನಗಿ ಕಾರ್ಡು ಹೋಗುತ್ತದೆ. ಕಾರ್ಡು ಹೋದರೆ ಚಿಪ್ಪು ಕೆರೆಯುವ ಕೆಲಸವೂ ಇಲ್ಲ, ಮಗುಚಿದ ಬೋಟಿನ ಹತ್ತಿರ ಸುಳಿಯುವ ಹಕ್ಕೂ ಇಲ್ಲ. ಈ ಬಂದರಿನಲ್ಲಿ ಆ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ ಎನ್ನುವುದು ವಿಚಾರಣೆಗೆ ಕರೆದ ನೋಟಿಸಿನಲ್ಲಿ ಎಲ್ಲೂ ಬರೆದಿಲ್ಲ.

ಆದದ್ದು ಏನು ಎಂದು ತಿಳಿಯಬೇಕಾದರೆ ಮಗುಚಿದ ಬೋಟು ಹೇಗೆ ತೇಲುತ್ತದೆ ಎಂದು ಮೊದಲು ತಿಳಿಯಬೇಕು. ಬಕೆಟ್ಟನ್ನು ಬೋರಲು ಹಾಕಿ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದಲ್ಲ, ಹಾಗೆ. ಆ ಗಾಳಿಯೇ ಬೋಟನ್ನು ಎತ್ತಿ ಹಿಡಿದಿರುತ್ತದೆ, ಒಳಗಿದ್ದವರು ಉಸಿರಾಡುವುದೂ ಅದನ್ನೇ. ದಡದಲ್ಲಿ ನಿಂತವರೆಲ್ಲ "ತಳ ಕತ್ತರಿಸಿ, ಎಳ್ಕೊಳ್ಳಿ" ಎನ್ನುತ್ತಾರೆ. ಕತ್ತರಿಸಿದರೆ ಗಾಳಿ ಸಿಳ್ಳೆ ಹಾಕಿಕೊಂಡು ಹೊರಗೆ ಹೋಗುತ್ತದೆ, ನೀರು ಮೇಲೇರುತ್ತದೆ, ಬೋಟು ಮುಳುಗುತ್ತದೆ. ಕ್ರೇನಿನಿಂದ ಎತ್ತಿ ಹೊರಳಿಸಿದರೂ ಅದೇ ಕಥೆ. ಒಳಗಿರುವವರನ್ನು ಬಂದ ದಾರಿಯಲ್ಲೇ, ನೀರಿನಡಿಯಲ್ಲೇ, ಕೈಹಿಡಿದು ತರಬೇಕು.

"ಒಳಗಡೆ ನೆಲ ಮೇಲಿರುತ್ತೆ, ಸೂರು ಕೆಳಗಿರುತ್ತೆ. ಕಣ್ಣಿಗೆ ಏನೂ ಕಾಣಲ್ಲ. ಡೀಸೆಲ್ ನೀರಿಗೆ ಸೇರಿ ಕಣ್ಣು, ಗಂಟಲು ಎಲ್ಲ ಉರಿ. ಹಾಸಿಗೆ, ಹಗ್ಗ, ಬಲೆ ಬಂದು ಕಾಲಿಗೆ ಸುತ್ಕೊಳ್ಳುತ್ತೆ. ಅದೆಲ್ಲ ಹಾಳಾಗಿ ಹೋಗ್ಲಿ, ಅಭ್ಯಾಸ ಆಗುತ್ತೆ. ಕಷ್ಟ ಯಾವುದು ಗೊತ್ತಾ? ಒಳಗಿರೋನನ್ನ ಒಪ್ಪಿಸೋದು. ಮೂಗಿನವರೆಗೂ ನೀರು ಬಂದಿದೆ, ಒಂದು ಮೊಳ ಗಾಳಿ ಇದೆ. ಅವನ ಹತ್ರ ಹೋಗಿ, ಅಪ್ಪಾ, ಬದುಕಬೇಕಾದ್ರೆ ಇನ್ನೂ ಕೆಳಗೆ ಮುಳುಗು ಅಂದ್ರೆ? ನೀವು ಒಪ್ತಿದ್ರಾ?"

ನಾನು ಒಪ್ಪುತ್ತಿರಲಿಲ್ಲ.

ಅದಕ್ಕೇ ಇವರು ಮೊದಲು ಮೈ ಮುಟ್ಟುವುದಿಲ್ಲ. ಹೆದರಿದವನ ಕೈಗೆ ಸಿಕ್ಕರೆ ಇವರ ಮುಖವಾಡವನ್ನೇ ಕಿತ್ತುಬಿಡುತ್ತಾನೆ. ಎರಡು ಸಲ ಹಾಗಾಗಿದೆ. ಒಂದು ಮಾರು ದೂರ ನಿಂತು, ದೀಪವನ್ನು ತಮ್ಮ ಮುಖಕ್ಕೇ ಹಿಡಿದುಕೊಂಡು, ಬಾಯಿಯ ಗಾಳಿಕೊಳವೆ ತೆಗೆದು ಕೇಳುವುದು ಒಂದೇ ಪ್ರಶ್ನೆ: "ಊಟ ಆಯ್ತಾ?" ಉತ್ತರ ಬಂದರೆ ಬುದ್ಧಿ ನೆಟ್ಟಗಿದೆ ಎಂದು ಲೆಕ್ಕ. ಬೈದರಂತೂ ಇನ್ನೂ ಒಳ್ಳೆಯದು, ಕೈಕಾಲಿನಲ್ಲಿ ಕಸುವಿದೆ.

ಈ ವಿದ್ಯೆಯನ್ನು ಯಾರೂ ಹೇಳಿಕೊಟ್ಟದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಬೋಟಿನ ಎಂಜಿನ್ ಮೆಕ್ಯಾನಿಕ್ ಆಗಿದ್ದ ಅವರ ತಮ್ಮ ಇದೇ ಬಂದರಿನ ಬಾಯಲ್ಲಿ ಮಗುಚಿದ ಬೋಟಿನೊಳಗೆ ಸಿಕ್ಕಿಕೊಂಡ. ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದವನು ಅವನೇ. ಆ ದಿನ ಸುತ್ತಲೂ ಹತ್ತು ಬೋಟು ಎಂಜಿನ್ ಓಡಿಸಿಕೊಂಡು ನಿಂತಿದ್ದವು. ಎಲ್ಲರೂ ಕೂಗುತ್ತಿದ್ದರು, ತಳ ಬಡಿಯುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಬಡಿದವರು ಅಕ್ಕನೇ. ಸಂಜೆ ಕ್ರೇನ್ ಬಂದು ಬೋಟನ್ನು ಹೊರಳಿಸಿತು.

"ಸ್ಪ್ಯಾನರ್ ಅವನ ಕೈಯಲ್ಲೇ ಇತ್ತು. ಒಳಗಿನ ಕಬ್ಬಿಣದ ಮೇಲೆ ಬಣ್ಣ ಎದ್ದು ಹೋಗಿತ್ತು, ಅಂಗೈ ಅಗಲ. ಎಷ್ಟು ತಟ್ಟಿದ್ನೋ. ನಾವೂ ತಟ್ತಾನೇ ಇದ್ವಿ, ನಿಲ್ಲಿಸಿ ಕೇಳ್ಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ. ನಂಗೂ ಹೊಳೀಲಿಲ್ಲ." ನೋಟ್‌ಬುಕ್ ಮುಚ್ಚಿ ಹೇಳುತ್ತಾರೆ: "ತಟ್ಟೋದು ಯಾರಿಗೆ ಬೇಕಾದ್ರೂ ಬರುತ್ತೆ. ತಟ್ಟಿದ ಮೇಲೆ ಸುಮ್ನಿರೋದನ್ನ ಕಲೀಬೇಕು."

ಕಣ್ಣೀರು ಹಾಕುವುದಿಲ್ಲ ಅವರು. ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕುತ್ತಾರೆ.

ಹೋದ ತಿಂಗಳ ಬೋಟಿನಲ್ಲಿ ಒಂಬತ್ತು ಜನ ಇದ್ದರು. ಬೆಳಗಿನ ಆರಕ್ಕೆ ಬಂದರಿನ ಬಾಯಲ್ಲೇ ಅಡ್ಡ ಅಲೆ ಹೊಡೆದು ಮಗುಚಿತು. ಎಂಟು ಮಂದಿ ಈಜಿ ದಡ ಸೇರಿದರು. ಅಡುಗೆಯವನು ಮಾತ್ರ ಕಾಣಲಿಲ್ಲ. ತನಿಖೆಗೆ ಬಂದ ಬಂದರಿನ ಅಧಿಕಾರಿ ಹನ್ನೆರಡೂವರೆಗೆ "ಜೀವದ ಕುರುಹು ಇಲ್ಲ" ಎಂದು ಬರೆಸಿ, ಬಂದರಿನ ಬಾಯಿ ಬಿಡಿಸಲು ಕ್ರೇನ್ ತರಿಸಿದರು. ಅಷ್ಟರಲ್ಲಿ ಸುತ್ತಿಗೆಯಕ್ಕ ಬೋಟಿನ ಬೆನ್ನೇರಿ ಕೂತಿದ್ದರು. ನೋಟ್‌ಬುಕ್ ನೋಡಿ ಅಡುಗೆಮನೆಯ ಬಾಗಿಲಿನ ನೇರಕ್ಕೇ ಕೂತಿದ್ದರು. ಯಾಕೆಂದರೆ ಹೊರಗೆ ತಟ್ಟಿದ ಸದ್ದಿನ ಕಡೆಗೇ ಒಳಗಿದ್ದವನು ತೆವಳಿ ಬರುತ್ತಾನೆ. ಬೇರೆಲ್ಲೋ ತಟ್ಟಿದರೆ ಬಾಗಿಲಿನಿಂದ ದೂರ ಕರೆದಂತೆ. ಮೂರು ಸಲ ತಟ್ಟಿದರು. ಒಳಗಿನಿಂದ ಮೂರು ಸಲ ಸದ್ದು ಬಂತು.

ಗ್ಯಾಸ್ ಸಿಲಿಂಡರ್ ಉರುಳುತ್ತಿದೆ ಎಂದರು ಅಧಿಕಾರಿ. "ಸಿಲಿಂಡರಿಗೆ ಮೂರರವರೆಗೆ ಎಣಿಸೋಕೆ ಬರುತ್ತಾ ಸಾರ್?" ಎಂದರು ಇವರು. ಆಮೇಲೆ ಇನ್ನೂ ಕೆಲವು ಮಾತುಗಳನ್ನಾಡಿದರು. ಅವು ಅಚ್ಚಿಗೆ ಹೋಗುವಂಥವಲ್ಲ.

ಇಲ್ಲಿ ಬಂತು ಪೇಚು. ಇಳಿದು ನೀರಿಗೆ ಹೋದರೆ ಕ್ರೇನಿನವರು ಸರಪಳಿ ಹಾಕುತ್ತಾರೆ. ಕೂತೇ ಇದ್ದರೆ ಒಳಗಿನವನನ್ನು ತರುವವರಿಲ್ಲ. ದಡದಲ್ಲಿ ನಿಂತ ಗಂಡನನ್ನು ಕೂಗಿದರು. ಗಂಡ ದರ್ಜಿ. ಹೆಂಡತಿಯ ರಬ್ಬರ್ ಉಡುಪಿಗೆ ತೇಪೆ ಹಾಕುವವರು ಅವರೇ. ಮೊಣಕಾಲು ಮಟ್ಟದ ನೀರು ಕಂಡರೂ ನಾಲ್ಕು ಹೆಜ್ಜೆ ಹಿಂದೆ ಸರಿಯುವ ಮನುಷ್ಯ, ಈಜು ಬಾರದು. ಯಾರದೋ ಚಿಕ್ಕ ದೋಣಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ಬಂದು, ಆ ಜಾರುವ ಕಬ್ಬಿಣದ ಬೆನ್ನಿನ ಮೇಲೆ ಅಂಗಾತ ಮಲಗಿಬಿಟ್ಟರಂತೆ. ಮೇಲೆ ಜೀವಂತ ಮನುಷ್ಯ ಮಲಗಿರುವಾಗ ಕ್ರೇನ್ ಎತ್ತುವುದು ಹೇಗೆ? ಐವತ್ತು ನಿಮಿಷ ಹಾಗೇ ಇದ್ದರು. ಅಕ್ಕ ಎರಡನೇ ಮುಖವಾಡ, ಗಾಳಿಕೊಳವೆ ಸೊಂಟಕ್ಕೆ ಕಟ್ಟಿಕೊಂಡು ಇಳಿದು, ಅಡುಗೆಯವನೊಂದಿಗೆ ಮೇಲೆ ಬಂದರು.

"ಊಟ ಆಯ್ತಾ ಅಂದೆ. ಏನಂದ ಗೊತ್ತಾ? ಅಡುಗೆ ಮಾಡೋನು ನಾನೇ ಕಣಮ್ಮಾ, ಇನ್ನೂ ಒಲೇನೇ ಹಚ್ಚಿಲ್ಲ ಅಂದ. ಏಳು ಗಂಟೆ ಕತ್ತಲಲ್ಲಿ ಕೂತೋನು! ಇವನು ಬರ್ತಾನೆ ಅಂತ ಅಲ್ಲೇ ಗೊತ್ತಾಯ್ತು ನಂಗೆ."

ಬಂದರಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ, ಹಿಂದಿನದರಲ್ಲಿ ಗಾಳಿ ಸಿಲಿಂಡರುಗಳು ಮತ್ತು ಮಂಚ. ದರ್ಜಿಯವರು ನನಗೆ ಚಹಾ ಕೊಟ್ಟು ಹೆಂಡತಿಗೆ ಬುದ್ಧಿ ಹೇಳುತ್ತಾರೆ. "ಒಂದು ಸಹಿ ತಾನೇ? ಹಾಕಿ ಕೈ ತೊಳ್ಕೋ. ಕಾರ್ಡಿಲ್ಲ ಅಂದ್ರೆ ನಾಳೆ ನೀರಿಗೆ ಹೇಗಿಳೀತೀಯ? ಬಗ್ಗಿದೋರು ಕೆಟ್ಟೋರಲ್ಲ."

"ಬಗ್ಗೋಕೆ ನಂದೇನು ಅಡ್ಡಿ ಇಲ್ಲ ರೀ. ದಿನಾ ತಲೆಕೆಳಗಾಗೇ ಕೆಲಸ ಮಾಡೋಳು ನಾನು. ಆದ್ರೆ ಅದ್ರಲ್ಲಿ ಏನು ಬರೆದಿದೆ ಓದಿದ್ರಾ? ಮುಂದೆ ಎಂದೂ ಹೀಗೆ ಮಾಡೋದಿಲ್ಲ ಅಂತ. ಅದಕ್ಕೆ ಸಹಿ ಹಾಕಿ, ಯಾರೋ ತಟ್ಟಿದಾಗ ದಡದಲ್ಲಿ ಕೂತು ನಿಮ್ಮ ಗುಂಡಿ ಹೊಲೀಲಾ?"

ದರ್ಜಿಯವರು ಎದ್ದು ಒಗೆದ ಅಂಗಿ ಹಾಕಿಕೊಳ್ಳುತ್ತಾರೆ.

ಕಚೇರಿಯಲ್ಲಿ ಉದ್ದನೆಯ ಮೇಜು, ಆಚೆ ಅಧಿಕಾರಿ, ಈಚೆ ಒಂದೇ ಕುರ್ಚಿ. ಅಧಿಕಾರಿ ಕೆಟ್ಟವರೇನಲ್ಲ, ಹಡಗುಗಳ ದಾರಿ ತೆರೆಯುವುದು ಅವರ ಕೆಲಸ, ಆ ದಿನ ಹನ್ನೊಂದು ಹಡಗು ಹೊರಗೆ ಕಾದಿದ್ದವು. ಆದರೆ ಕಾಗದ ಒಮ್ಮೆ ಹೇಳಿದ್ದನ್ನು ಕಣ್ಣು ಸುಳ್ಳು ಮಾಡಬಾರದು ಎಂಬ ಜಾತಿಯವರು. ಅವರು ಓದುತ್ತಾರೆ: "ಹನ್ನೆರಡೂವರೆಗೆ ಒಳಗೆ ಜೀವದ ಕುರುಹು ಇಲ್ಲವೆಂದು ದಾಖಲಾದ ನಂತರವೂ..."

ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕರೆಯದೇ ಬಂದ ಅಡುಗೆಯವನು. "ದಾಖಲೆ ಪ್ರಕಾರ ನಾನಿನ್ನೂ ಸತ್ತೇ ಇದ್ದೀನಾ ಸಾರ್?" ಕಾರಕೂನರು ನಗುತ್ತಾರೆ. ಅಧಿಕಾರಿ ನಗುವುದಿಲ್ಲ, ಮುಂದೆ ಓದುತ್ತಾರೆ: "...ಒಬ್ಬ ಅಪರಿಚಿತ ವ್ಯಕ್ತಿಯ ನೆರವಿನಿಂದ ಕಾರ್ಯಾಚರಣೆಗೆ ಅಡ್ಡಿಪಡಿಸಿ..."

"ಅಪರಿಚಿತ ಯಾಕೆ ಸಾರ್?" ಹೆಂಡತಿಯ ಹಿಂದೆ ನಿಂತಿದ್ದ ದರ್ಜಿಯವರು ಮುಂದೆ ಬರುತ್ತಾರೆ. "ಮಲಗಿದ್ದು ನಾನು. ನನ್ನ ಹೆಸರೂ ಹಾಕ್ಕೊಳ್ಳಿ. ವಿಳಾಸ ಬೇಕಾ?"

ಸುತ್ತಿಗೆಯಕ್ಕ ತಿರುಗಿ ಗಂಡನನ್ನು ನೋಡುತ್ತಾರೆ. ಮುಂಜಾನೆಯಿಂದ ಅವರ ಮುಖದಲ್ಲಿ ನಾನು ಕಂಡ ಮೊದಲ ನಗು ಅದು. ಆಮೇಲೆ ಪತ್ರ ಎಳೆದುಕೊಂಡು, ಅಚ್ಚಾದ ಸಾಲುಗಳ ಮೇಲೆ ಅಡ್ಡಗೆರೆ ಹೊಡೆದು, ಕೆಳಗೆ ದಪ್ಪಕ್ಷರದಲ್ಲಿ ಬರೆಯುತ್ತಾರೆ: "ಬೈದದ್ದಕ್ಕೆ ಕ್ಷಮೆ ಇರಲಿ. ಕೂತದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಕ್ರೇನ್ ಮುಟ್ಟುವ ಮೊದಲು ಹತ್ತು ನಿಮಿಷ ಎಲ್ಲ ಎಂಜಿನ್ ನಿಲ್ಲಿಸಬೇಕು ಎಂದು ನಿಯಮ ಮಾಡಿ." ಸಹಿ ಹಾಕುತ್ತಾರೆ. ಅದರ ಕೆಳಗೆ ದರ್ಜಿಯವರೂ ಹಾಕುತ್ತಾರೆ.

ಅಧಿಕಾರಿ ಅದನ್ನು ಎರಡು ಸಲ ಓದುತ್ತಾರೆ. "ನಿಯಮದ ವಿಚಾರ ಮೇಲಿನವರಿಗೆ ಕಳಿಸ್ತೀನಮ್ಮಾ. ಆದ್ರೆ ಇದು ಕ್ಷಮಾಪಣೆ ಅಲ್ಲ. ಕಾರ್ಡು ಕೊಡಿ." ಅವರು ಕೊಡುತ್ತಾರೆ. ಕೊಡುವಾಗ ಕೈ ತಡೆಯುವುದಿಲ್ಲ. ಅದು ಡ್ರಾಯರಿಗೆ ಹೋಗುತ್ತದೆ, ಬೀಗ ಬೀಳುತ್ತದೆ.

ಹೊರಗೆ ಬಂದಾಗ ಬಂದರಿನ ತುಂಬ ಎಂಜಿನ್ನುಗಳ ಗದ್ದಲ. ನಾನು ಕೂಗಿಯೇ ಕೇಳಬೇಕಾಗುತ್ತದೆ: ನಾಳೆಯೇ ಒಂದು ಬೋಟು ಮಗುಚಿದರೆ? ಕಾರ್ಡಿಲ್ಲದೆ ಏನು ಮಾಡುತ್ತೀರಿ?

ಅಂಥ ಪೆದ್ದು ಪ್ರಶ್ನೆ ಕೇಳಿದವನು ನಾನೊಬ್ಬನೇ ಎನ್ನುವಂತೆ ಅವರು ನನ್ನನ್ನು ನೋಡುತ್ತಾರೆ.

"ಒಳಗಿರೋನು ಕಾರ್ಡು ಕೇಳಲ್ಲಪ್ಪ."