ಲಕ್ಷ್ಮಿ ಬರುವ ಬಾಗಿಲು, ನಾಯಿ ಓಡುವ ಬಾಗಿಲು

ಹ್ಯಾಲೋವೀನ್ ಎಂದರೆ ನಮ್ಮ ಮನೆಯಲ್ಲಿ ನಾಯಿಯ ಚಿಂತೆ. ಸಿಡ್ನಿಯ ಫ್ಲಾಟಿನಲ್ಲಿದ್ದಾಗ ಈ ರಗಳೆ ಇರಲಿಲ್ಲ. ಅಷ್ಟು ಮೆಟ್ಟಿಲು ಹತ್ತಿ ಯಾವ ದೆವ್ವವೂ ಬರುತ್ತಿರಲಿಲ್ಲ. ಮೆಲ್ಬರ್ನಿನ ಪಾಯಿಂಟ್ ಕುಕ್‌ಗೆ ಬಂದ ಮೇಲೆ ಬೀದಿಯ ಮಕ್ಕಳೆಲ್ಲ ಮುಖವಾಡ ಹಾಕಿಕೊಂಡು ಚಾಕ್ಲೇಟಿಗಾಗಿ ಬಾಗಿಲು ತಟ್ಟತೊಡಗಿದರು. ಮೊದಲ ವರ್ಷವೇ ನಮ್ಮ ನಾಯಿ ಅಸ್ಥಿಪಂಜರದ ವೇಷವೊಂದನ್ನು ಕಂಡು ಬೆದರಿ, ಜಾಲರಿ ಬಾಗಿಲನ್ನೇ ಹರಿದುಕೊಂಡು ಓಡಿಹೋಯಿತು. ಫ್ರೀವೇ ಪಕ್ಕದ ಹುಲ್ಲಿನಲ್ಲಿ ಸಿಕ್ಕಾಗ ಕಾಲಿನಿಂದ ರಕ್ತ ಸುರಿಯುತ್ತಿತ್ತು. ಪಕ್ಕದಲ್ಲೇ ಲಾರಿಗಳು ಭರ್ರನೆ ಹೋಗುತ್ತಿದ್ದವು.

ಮರುವರ್ಷ ನಾನು ಸಿದ್ಧಳಾಗಿದ್ದೆ. ಮಧ್ಯಾಹ್ನವೇ ನಾಯಿಯನ್ನು ದೂರ ನಡೆಸಿ ದಣಿಸುವುದು, ಬೇಗ ಊಟ ಹಾಕುವುದು, ಲಾಂಡ್ರಿ ರೂಮಿನಲ್ಲಿ ಹಾಸಿಗೆ ಹಾಸಿ ಬಾಗಿಲು ಮುಚ್ಚುವುದು, ಅದನ್ನೂ ಕಿತ್ತುಕೊಂಡು ಬಂದರೆ ಎಂದು ಮುಂಬಾಗಿಲು ತೆಗೆಯದೇ ಇರುವುದು. ಕಷ್ಟವಾದದ್ದು ಕೊನೆಯದು. ಆ ವರ್ಷ ದೀಪಾವಳಿಯ ಲಕ್ಷ್ಮೀಪೂಜೆಯೂ ಅದೇ ಸಂಜೆ ಬಿದ್ದಿತ್ತು. ಮೈಸೂರಿನಿಂದ ಅತ್ತೆ ಬಂದಿದ್ದರು.

"ದೀಪ ಹಚ್ಚೋ ಹೊತ್ನಲ್ಲಿ ಹಿತ್ತಲ ಬಾಗಿಲು ಹಾಕ್ಬೇಕು, ಮುಂಬಾಗಿಲು ತೆಗೀಬೇಕು. ಇಲ್ದಿದ್ರೆ ಲಕ್ಷ್ಮಿ ಹೇಗಮ್ಮ ಒಳಗೆ ಬರ್ತಾಳೆ?" ಎಂದರು.

"ಅತ್ತೆ, ಲಕ್ಷ್ಮಿ ಬರೋ ಬಾಗಿಲಲ್ಲೇ ನಾಯಿ ಓಡಿಹೋಗತ್ತೆ."

"ಕಟ್ಟಿಹಾಕು."

ಕಟ್ಟಿದರೆ ಕುತ್ತಿಗೆ ಬಿಗಿಯುವ ಹಾಗೆ ಎಳೆಯುತ್ತದೆ ಎಂದೆ. ಅವರು ಮುಖ ತಿರುಗಿಸಿದರು. ಗಂಡನ ಕಡೆ ನೋಡಿದರೆ, ಮಹಾಶಯರು "ಒಂದು ಅರ್ಜೆಂಟ್ ಕಾಲ್ ಇದೆ" ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಹತ್ತಿದರು. ಕೊನೆಗೆ, ದೀಪ ಹಚ್ಚುವಷ್ಟು ಹೊತ್ತು ಮಾತ್ರ ಬಾಗಿಲು ತೆಗೆಯುವುದೆಂದು ರಾಜಿಯಾಯಿತು.

ಅತ್ತೆಯ ಮೇಲೆ ಸಿಟ್ಟಿತ್ತು, ಪಾಪವೆಂದೂ ಅನ್ನಿಸುತ್ತಿತ್ತು. ಎದುರು ಮನೆಯವರು ಹುಲ್ಲಿನ ಮೇಲೆ ಗೋರಿಕಲ್ಲು ನೆಟ್ಟು, ಮಣ್ಣಿನಿಂದ ಕೈಯೊಂದು ಮೇಲೆದ್ದು ಬರುವಂತೆ ಮಾಡಿಟ್ಟಿದ್ದರು. ಹಬ್ಬದ ದಿನ ಮನೆಮುಂದೆ ಸ್ಮಶಾನ ಕಟ್ಟುವ ಜನರನ್ನು ಅವರೆಲ್ಲಿ ಕಂಡಿದ್ದರು? ಇದೆಲ್ಲ ಆಟವೆಂದು ನಾಯಿಗೆ ಬಿಡಿಸಿ ಹೇಳಲು ಬರುವುದಿಲ್ಲ. ಅತ್ತೆಗೂ ನಾವು ಯಾರೂ ಹೇಳಿರಲಿಲ್ಲ.

ಮಕ್ಕಳು ಬೆಲ್ ಒತ್ತುವುದು ಬೇಡವೆಂದು ನಾನೇ ಚಾಕ್ಲೇಟ್ ಬೋಗುಣಿ ಹಿಡಿದು ಡ್ರೈವ್‌ವೇ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕತ್ತಲಾಗುವಾಗ ಅತ್ತೆ ರೇಷ್ಮೆ ಸೀರೆಯುಟ್ಟು ಬಾಗಿಲು ತೆಗೆದು ಹೊಸಿಲ ಬಳಿ ದೀಪ ಇಟ್ಟರು. ಅದೇ ಹೊತ್ತಿಗೆ ದೆವ್ವಗಳ ದಂಡೊಂದು ಕಿರುಚಿಕೊಂಡು ಬಂತು. ಲಾಂಡ್ರಿಯಲ್ಲಿ ನಾಯಿ ಊಳಿಡುವುದು ಬೀದಿಗೇ ಕೇಳಿತು. ಕೈಗಳಿಗೆಲ್ಲ ಚಾಕ್ಲೇಟ್ ಹಾಕಿ ತಿರುಗಿ ನೋಡಿದರೆ, ಬಾಗಿಲು ಹಾರುಹೊಡೆದಿತ್ತು, ಅತ್ತೆ ಇರಲಿಲ್ಲ, ಊಳೂ ನಿಂತಿತ್ತು.

ಎದ್ದು ಓಡಿದೆ. ಲಾಂಡ್ರಿಯ ಬಾಗಿಲು ತೆರೆದಿತ್ತು, ಹಾಸಿಗೆ ಖಾಲಿ. ಮತ್ತೆ ಬೀದಿಗೆ ಓಡಬೇಕು, ಅಷ್ಟರಲ್ಲಿ ದೇವರ ಮನೆಯಿಂದ ಸಣ್ಣಗೆ ಸಹಸ್ರನಾಮ ಕೇಳಿಸಿತು.

ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಸ್ಟೋರ್ ರೂಮೇ ನಮ್ಮ ದೇವರ ಮನೆ. ಹೊರಗಿನ ಸದ್ದು ಅಲ್ಲಿಗೆ ಮುಟ್ಟುವುದಿಲ್ಲ. ನಾಯಿ ಅದರ ಹೊಸಿಲು ದಾಟಕೂಡದೆಂದು ಅತ್ತೆ ಬಂದ ದಿನವೇ ಕಟ್ಟಪ್ಪಣೆ ಮಾಡಿದ್ದರು. ಮೆಲ್ಲಗೆ ಬಾಗಿಲು ಸರಿಸಿದೆ. ಅತ್ತೆ ಗೋಡೆಗೊರಗಿ ಕೂತಿದ್ದರು. ಒಂದು ಕೈ ಇನ್ನೂ ಕುತ್ತಿಗೆಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಮಡಿಸೀರೆಯ ತುಂಬ ನಾಯಿಕೂದಲು, ಮಡಿಲಲ್ಲಿ ನಾಯಿಯ ತಲೆ. ನನಗೆ ಅಳು ಬಂದುಬಿಟ್ಟಿತು.

"ಅಷ್ಟೊಂದು ಅಳ್ತಿತ್ತು ಕಣಮ್ಮ," ಎಂದರು.

"ಮುಂಬಾಗಿಲು ತೆಗೆದೇ ಇದೆ ಅತ್ತೆ. ಹಾಕ್ಲಾ?"

"ಇರ್ಲಿ ಬಿಡು, ಇದನ್ನ ನಾನು ಹಿಡ್ಕೊಂಡಿದೀನಿ. ಲಕ್ಷ್ಮಿ ಬಂದ್ರೆ ಹಾಲ್‌ನಲ್ಲೇ ಕೂರ್ಸು," ಎಂದು ದನಿ ತಗ್ಗಿಸಿದರು. "ಇಲ್ಲಿಗೆ ಬರೋದು ಬೇಡ. ಮಗು ಈಗ ತಾನೇ ಮಲಗಿದೆ."