ಹರಳೆಣ್ಣೆ ಹಚ್ಚಿದ ತೋಳು

ಈಗಷ್ಟೇ ಹರಳೆಣ್ಣೆ ಶೀಶೆಯ ಮುಚ್ಚಳ ತೆಗೆದೆ. ಆ ಜಿಡ್ಡು ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಬಂತು. ನಿಮಗೂ ಹೇಳಿಬಿಡುತ್ತೇನೆ, ಒಬ್ಬಳೇ ನಗುತ್ತಾ ಕೂತರೆ ನೋಡಿದವರು ಏನಂದಾರು!

ನನ್ನ ಸೋದರಮಾವ ತಮಿಳುನಾಡಿನ ಪಾಲಮಲೆ ಬೆಟ್ಟದ ಕೆಳಗೆ, ಮೆಟ್ಟೂರು ಹಿನ್ನೀರಿನಲ್ಲಿ ಹರಿಗೋಲು ಹಾಕುವವರು. ನೀರಿನ ಮೇಲೆ ಸುಸ್ತು ಅನ್ನಬಾರದು, ಕೂತವರು ಹೆದರುತ್ತಾರೆ ಎಂಬುದು ಅವರ ಕಸುಬಿನ ಕಟ್ಟಳೆ. ಅದನ್ನು ದಡದ ಮೇಲೂ ಪಾಲಿಸುವ ಪುಣ್ಯಾತ್ಮ ನಮ್ಮ ಮಾವ. ಹೋದ ವರ್ಷ ಎರಡು ಸಲ ಹುಟ್ಟು ಅವರ ಬಲಗೈಯಿಂದ ಜಾರಿ ನೀರಿಗೆ ಬಿತ್ತು. ಕೇಳಿದರೆ, "ಏನಿಲ್ಲ ಓಗಮ್ಮಿ, ಕೈ ಬೆವರೈತೆ" ಅಂದರು. ನರ ಸತ್ತಿದೆ, ಇನ್ನು ಕೈ ಬಿದ್ದೇಹೋಗುತ್ತದೆ ಎಂದು ಡಾಕ್ಟರಿಗಿಂತ ಮೊದಲು ನಾನೇ ತೀರ್ಮಾನಿಸಿದೆ.

ಸೇಲಂನ ಡಾಕ್ಟರು ಒಂದು ಪರೀಕ್ಷೆ ಮಾಡಿಸಿದರು. ಕೂತಲ್ಲೇ ಹುಟ್ಟು ಹಾಕುವಂಥ ಯಂತ್ರ. ತೋಳಿಗೆ ಬಿಲ್ಲೆ ಅಂಟಿಸಿದರೆ ಸ್ನಾಯುವಿನ ಕರೆಂಟು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದಂತೆ. ಸ್ನಾಯು ದಣಿದಂತೆ ಗೆರೆಯ ಓಟ ನಿಧಾನವಾಗುತ್ತದಂತೆ. ಮಾವ ಎಳೆದರು. ಎಡಗೈಯ ಗೆರೆ ಕುಣಿಯಿತು. ಬಲಗೈಯದು ಮಲಗಿಬಿಟ್ಟಿತ್ತು. ಅಯ್ಯೋ ದೇವರೇ ಎಂದು ನಾನು ಗೋಡೆ ಹಿಡಿದುಕೊಂಡೆ.

ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಲಗೈಯ ಬಿಲ್ಲೆ ಮುಟ್ಟಿದಳು. ಅದು ಜಾರಿ ಅವಳ ಕೈಗೇ ಬಂತು. ಮೂಸಿ ನೋಡಿ, "ಎನ್ನ ತಾತಾ, ಎಣ್ಣೆಯಾ?" ಎಂದು ತಮಿಳಿನಲ್ಲಿ ಕೇಳಿದಳು.

ಮಾವ ನನ್ನತ್ತ ತಿರುಗಿದರು. "ಪರೀಕ್ಷೆ ಅಂದ್ಯಲ್ಲಮ್ಮಿ! ಜೋರಾಗಿ ಉಟ್ಟು ಆಕೋ ದಿನ ಎಣ್ಣೆ ತಿಕ್ಕಲ್ವಾ? ಅಂಗೇ ಈ ತೋಳಿಗೆ ಚೆಂದಾಗಿ ತಿಕ್ಕಂಡು ಬಂದೆ."

ಸ್ಪಿರಿಟ್ ಹಾಕಿ ಒರೆಸಿ, ಹೊಸ ಬಿಲ್ಲೆ ಅಂಟಿಸಿದರು. ಗೆರೆ ಎದ್ದು ಕುಣಿಯಿತು. ಅಬ್ಬಾ! ನಾನು ಅತ್ತೇಬಿಟ್ಟೆ, ನಾಚಿಕೆಯಿಲ್ಲದೆ. ಎಳೆಯುತ್ತಾ ಎಳೆಯುತ್ತಾ ಅದು ಎಡಗೈಗಿಂತ ಬೇಗ ಸೋತಿತು, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮತ್ತೆ ಚುರುಕಾಯಿತು. ಡಾಕ್ಟರು ಎಲ್ಲ ನೋಡಿ, ನರಕ್ಕೇನೂ ಆಗಿಲ್ಲ, ವರ್ಷಗಳ ದಣಿವು, ಕೈಗೆ ಬಿಡುವು ಕೊಡಿ ಎಂದರು. ಮಾವ ಪರದೆಯನ್ನೇ ದಿಟ್ಟಿಸುತ್ತಿದ್ದರು.

"ನಾ ಏಳ್ದೆ ಇದ್ದುದ್ನೆಲ್ಲಾ ಇದು ಏಳ್ಬುಡ್ತಲ್ಲಮ್ಮಿ."

ಇವತ್ತು ಬೆಳಿಗ್ಗೆ ಹರಿಗೋಲಿನಲ್ಲಿ ನಾವಿಬ್ಬರೇ. ನಡುನೀರಿನಲ್ಲಿ ಮಾವ ಹುಟ್ಟನ್ನು ನನ್ನ ಮಡಿಲಿಗಿಟ್ಟರು.

"ಸುಸ್ತಾಗೈತೆ ಕಣಮ್ಮಿ. ನೀ ಆಕು."

ಇಷ್ಟು ವರ್ಷದಲ್ಲಿ ಆ ಮಾತು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ನಾನು ಹಾಕಿದೆ. ಹರಿಗೋಲು ಇದ್ದಲ್ಲೇ ಗಿರಗಿರ ತಿರುಗಿತು, ಮಾವ ಬಿದ್ದು ಬಿದ್ದು ನಕ್ಕರು, ಅಂತೂ ದಡ ಸೇರಿದೆವು. ಈ ಎಣ್ಣೆ ಈಗ ನನ್ನ ತೋಳಿಗೆ.